ಹಿರೇಮದ್ದಿನ ಹಾಲು

ಮೊನ್ನೆ ರವಿಕೆ ಹೊಲಿಸಲು ಬಂದ ಹುಡುಗಿಯೊಬ್ಬಳು ಅಳತೆಯ ರವಿಕೆ ಹುಡುಕುತ್ತ ಚೀಲದಲ್ಲಿದ್ದುದನ್ನೆಲ್ಲ ಒಂದೊಂದಾಗಿ ನನ್ನ ಮೇಜಿನ ಮೇಲೆ ಇಟ್ಟಳು. ಬಾಚಣಿಗೆ, ಬಸ್ ಪಾಸು, ಮಡಚಿದ ಕೊಡೆ, ಆಮೇಲೆ ಕುದುರೆಯ ಚಿತ್ರವಿದ್ದ ಒಂದು ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯ ಮುಚ್ಚಳ ಸಡಿಲವಾಗಿತ್ತು. ವಾಸನೆ ಮೂಗಿಗೆ ಬಡಿದದ್ದೇ ನನ್ನ ಕೈಯ ಟೇಪು ಅಲ್ಲಿಗೇ ನಿಂತಿತು.

"ನಿದ್ದಿಗೆ ಅಂತ ತರಿಸೀನಿ ಅಕ್ಕಾ," ಅಂದಳು ಆ ಹುಡುಗಿ. "ಫೋನಿನಾಗ ಭಾಳ ಹೇಳಾಕತ್ತಿದ್ರು. ಆದ್ರ ವಾಸನಿ ನೋಡ್ರಿ, ಕುದುರಿ ಕಟ್ಟಿದ ಜಾಗದಾಗ ನಿಂತಂಗ ಆಗತದ."

ಆಕೆಯನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಭುಜದ ಅಳತೆ, ತೋಳಿನ ಅಳತೆ ಬರೆದುಕೊಂಡು, ಮಂಗಳವಾರ ಬಾ ಎಂದು ಕಳಿಸಿಬಿಟ್ಟೆ. ಆಕೆ ರಾಯಚೂರಿನ ಧೂಳಿನಲ್ಲಿ ಸಿಟಿ ಬಸ್ಸಿಗೆ ಓಡಿದಳು. ನಾನು ಮಷಿನ್ನಿನ ಮುಂದೆ ಕುಳಿತು ಮನಸ್ಸಿನಲ್ಲೇ ಹಿರೇಕೊಟ್ನೆಕಲ್ಲಿನ ನನ್ನ ಅಕ್ಕನ ಅಡಿಗೆಮನೆಗೆ ಹೋಗಿಬಿಟ್ಟೆ.

ಡಬ್ಬಿಯ ಮೇಲೆ ಅಶ್ವಗಂಧ ಎಂದು ಬರೆದಿರುತ್ತಾರೆ. ನಮ್ಮ ಮನೆಯಲ್ಲಿ ಅದು ಹಿರೇಮದ್ದು. ಈ ಗಿಡವನ್ನು ನೀವೂ ನೋಡಿರುತ್ತೀರಿ, ಗುರುತು ಹಿಡಿದಿರುವುದಿಲ್ಲ, ಅಷ್ಟೆ. ತಿಪ್ಪೆಯ ಅಂಚಿಗೆ, ಬಿದ್ದ ಗೋಡೆಯ ಬುಡಕ್ಕೆ, ಯಾರೂ ಉಳದ ಕಲ್ಲು ನೆಲಕ್ಕೆ ತಾನಾಗಿ ಬೆಳೆಯುತ್ತದೆ. ಸೊಂಟದೆತ್ತರ. ಮಳೆ ಬಂದು ತೊಳೆದರೂ ಧೂಳು ಕೂತಂತೆಯೇ ಕಾಣುವ ಎಲೆ. ಹೂವು ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣದು. ತೆಳು ಕಾಗದದಂಥ ಹೊದಿಕೆಯೊಳಗೆ ಒಂದು ಕಾಯಿ, ಹಣ್ಣಾದರೆ ಕೆಂಪು. "ಆಡು ಮುಟ್ಟದ ಸೊಪ್ಪಿಲ್ಲ ಅಂತಾರ, ಇದನ್ನ ಮುಟ್ಟಂಗಿಲ್ಲ ನೋಡು," ಎಂದು ಅಕ್ಕ ನಗುತ್ತಿದ್ದಳು. "ಆಡಿಗೆ ಚಿಂತಿ ಇಲ್ಲ, ಅದಕ್ಕ."

ಅಕ್ಕ ಇದನ್ನು ಕಲಿತದ್ದು ಅವ್ವನಿಂದ, ದೇವದುರ್ಗದ ಕಡೆಯ ಅರಕೇರಾದಲ್ಲಿ. ಅವ್ವ ಹೋದಾಗ ನನಗೆ ಎಂಟು, ಅಕ್ಕನಿಗೆ ಹದಿನಾರು. ಮುಂದಿನ ವರ್ಷ ಅಕ್ಕನಿಗೆ ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ಲಿಗೆ ಮದುವೆಯಾಯಿತು. ಕಳಿಸಿಕೊಡುವ ದಿನ ಆಕೆ ನನ್ನ ಕೈ ಬಿಡಲಿಲ್ಲ. ತಿಮ್ಮಪ್ಪ ಮಾಮ, ಅಂದರೆ ಆಕೆಯ ಗಂಡ, "ಬಂಡ್ಯಾಗ ಜಾಗ ಅದ, ಹತ್ತು," ಎಂದಷ್ಟೇ ಹೇಳಿದ. ಮಾಮನ ಮಾತೇ ಹಾಗೆ, ಅಳೆದು ಕತ್ತರಿಸಿದಂತೆ. ಮುಂದೆ ಮಾನ್ವಿಯ ಹೈಸ್ಕೂಲಿಗೆ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಬಿಟ್ಟು ಬರುತ್ತಿದ್ದವನೂ ಅವನೇ. ಹತ್ತನೆಯ ಇಯತ್ತೆಯಲ್ಲಿ ಗಣಿತ ನನ್ನ ಕೈಬಿಟ್ಟಿತು. ಹೊಲಿಗೆ ಕಲಿಯಲು ರಾಯಚೂರಿಗೆ ಬಂದವಳು ಇಲ್ಲೇ ಉಳಿದೆ. ಲೆಕ್ಕ ಬಾರದವಳು ಜೀವನಪೂರ್ತಿ ಅಳತೆಯ ಟೇಪು ಹಿಡಿದು ಕೂತಿದ್ದೇನೆ, ಇದಕ್ಕೆ ನಗುವವರು ನಗಬಹುದು.

ಸಂಕ್ರಾಂತಿ ದಾಟಿ ಎಲೆ ಹಳದಿಯಾಗಿ ಕಾಯಿ ಕೆಂಪಾದ ಮೇಲೆಯೇ ಅಕ್ಕ ಬೇರು ಅಗೆಯುತ್ತಿದ್ದಳು. ಕಿತ್ತ ಕುಣಿಯಲ್ಲಿ ಎರಡು ಹಣ್ಣು ಹಿಚುಕಿ ಹಾಕಿ, ಹಿಮ್ಮಡಿಯಿಂದ ಮಣ್ಣು ತುಳಿದು ಮುಂದೆ ಹೋಗುವುದು. ಬೇರನ್ನು ತೊಳೆದು, ಹೆಚ್ಚಿ, ಹಾಲಿನಲ್ಲಿ ಒಂದು ಕುದಿ ಕುದಿಸಿ, ನೆರಳಿಗೆ ಒಣಗಿಸಿ, ಒರಳಲ್ಲಿ ಕುಟ್ಟಿ, ಮಾಮನ ಹಳೆಯ ಧೋತರದಲ್ಲಿ ಸೋಸುತ್ತಿದ್ದಳು. ಎಲೆಯನ್ನೂ ಬಿಡುತ್ತಿರಲಿಲ್ಲ. ಔಡಲೆಣ್ಣೆ ಸವರಿ ಕಾವಲಿಯ ಮೇಲೆ ಬಾಡಿಸಿ ಮಾಮನ ಮೊಣಕಾಲಿನ ಊತಕ್ಕೆ ಕಟ್ಟುತ್ತಿದ್ದಳು. ಮಾಮ ಹಾಗೆಯೇ ಹೊಲಕ್ಕೆ ಹೋಗುತ್ತಿದ್ದ, ನೋಡಿದವರು "ಏನ ತಿಮ್ಮಪ್ಪ, ಕಾಲಿಗೆ ಪಲ್ಯ ಕಟ್ಗೊಂಡಿ?" ಅನ್ನುತ್ತಿದ್ದರು.

ಮದ್ದು ಕೊಡುವುದಕ್ಕೆ ಮಾತ್ರ ಅವ್ವನ ಕಾಲದ ಒಂದು ಕಟ್ಟಳೆ ಇತ್ತು. ನಿದ್ದೆ ಬಾರದವರು ತಮ್ಮ ಹಾಲನ್ನು ತಾವೇ ಕುದಿಸಿಕೊಳ್ಳಬಾರದು. ಇನ್ನೊಬ್ಬರು ಕುದಿಸಬೇಕು, ಅರ್ಧ ಚಮಚ ಪುಡಿ ಹಾಕಬೇಕು, ಕುಡಿದು ಮುಗಿಸುವವರೆಗೆ ಎದುರಿಗೆ ಕೂತಿರಬೇಕು. ಕುದಿಸುವ ಮುಂಚೆ ಕೇಳಬೇಕು. ಬಸಿರೇನು, ದವಾಖಾನೆಯ ಗುಳಿಗೆ ನುಂಗುತ್ತಿದ್ದೀಯೇನು, ಎದೆ ಹಿಡಿಯುತ್ತದೇನು. ಯಾಕೆ ಹಾಗೆ ಎಂದು ನಾನು ಕೇಳಿದಾಗ ಅಕ್ಕ, "ನಿದ್ದಿ ಇಲ್ಲದಾಕಿ ಒಬ್ಬಾಕೀನ ಎದ್ದಿರಬಾರದಂತ, ಅವ್ವ ಅಂತಿದ್ಲು," ಎಂದಿದ್ದಳು. ಅದನ್ನು ಹಳೆಯ ಕಾಲದ ನೇಮ ಎಂದುಕೊಂಡು ಮರೆತೆ.

ಒಮ್ಮೆ ಊರ ಹೆಂಗಸೊಬ್ಬಳು ಸೊಸೆಗೆಂದು ಪುಡಿ ಕೇಳಲು ಬಂದಳು. ನಾನು ರಜೆಗೆ ಹೋಗಿದ್ದೆ, ಮೂಲೆಯಲ್ಲಿ ಕೂತು ಕೇಳುತ್ತಿದ್ದೆ.

"ಆಕಿ ಎಲ್ಲಿ ಅದಾಳ?" ಅಂದಳು ಅಕ್ಕ.

"ಮನ್ಯಾಗ ಅದಾಳ. ನೀ ಪುಡಿ ಕೊಡು ಬೇ, ನಾ ಕುದಿಸಿ ಕೊಡ್ತೀನಿ."

"ಬಸಿರಿ ಅದಾಳೇನು?"

"ಎರಡ ತಿಂಗಳಾತು."

"ಹಂಗಾದ್ರ ಬ್ಯಾಡ. ಬಸಿರಾಗ ಇದು ಆಗಂಗಿಲ್ಲ. ಆಕಿಗೆ ನಿದ್ದಿ ಬರಬೇಕಂದ್ರ ನಸಿಕಿನಾಗ ಎಬ್ಬಿಸಿ ನೀರಿಗೆ ಕಳಸಾದು ಬಿಡು. ಅದಕ್ಕಿಂತ ದೊಡ್ಡ ಮದ್ದು ನನ್ನ ಹತ್ರ ಇಲ್ಲ."

ಆ ಹೆಂಗಸು ಒಂದು ತಿಂಗಳು ನಮ್ಮ ಮನೆಯ ಮುಂದೆ ಮುಖ ತಿರುಗಿಸಿಕೊಂಡು ಓಡಾಡಿದಳಂತೆ. ನೀರಿಗೆ ಮಾತ್ರ ಆಕೆಯೇ ಬರುತ್ತಿದ್ದಳಂತೆ.

ಇನ್ನು ಮುಂದಿನದನ್ನು ಹೇಳಬೇಕು. ಇದನ್ನು ಬರೆಯಲು ಕೂತದ್ದೇ ಅದಕ್ಕೆ.

ಕಳೆದ ಜೂನಿನಲ್ಲಿ, ಶಾಲೆಗಳ ಸಮವಸ್ತ್ರ ಹೊಲಿಯುವ ಗದ್ದಲದಲ್ಲಿ, ಅಕ್ಕನ ಫೋನು ಬಂತು. ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಕಾಲರ್ ಹೊಲಿಯುತ್ತಲೇ ಮಾತಾಡಿದೆ.

"ಯಾಕೋ ಎದಿ ಹಿಡದಂಗ ಆಗತದ ತಂಗಿ. ನಿದ್ದೀನೂ ಬರವಲ್ದು."

"ಭಾಳ ಚಿಂತಿ ಮಾಡ್ತಿ ನೀ. ಊರಿಗೆಲ್ಲ ಕೊಡ್ತಿ, ನಿಂದ ಹಿರೇಮದ್ದು ನೀ ಕುಡಿ."

ಅಕ್ಕ ನಕ್ಕಳು. "ನಂದು ನಾನ ಹೆಂಗ ಕುದಿಸ್ಕೊಳ್ಳಲಿ?"

"ಮಾಮಗ ಹೇಳು."

"ನಿಮ್ಮ ಮಾಮಗ ಹಾಲು ಉಕ್ಕೋದೂ ಗೊತ್ತಾಗಂಗಿಲ್ಲ."

"ಭಾನುವಾರ ನಾ ಬರ್ತೀನಿ, ಕುದಿಸಿ ಕೊಡ್ತೀನಿ," ಎಂದೆ. ಭಾನುವಾರ ಇನ್ನೂ ನಲವತ್ತು ಅಂಗಿಗಳಿಗೆ ಗುಂಡಿ ಹಚ್ಚುವುದಿತ್ತು. ಹೋಗಲಿಲ್ಲ. ಬುಧವಾರ ಬೆಳಿಗ್ಗೆ ಅಕ್ಕ ಜೋಳ ಹಸನು ಮಾಡುತ್ತ ಕೂತವಳು ಮೊರದ ಮೇಲೆಯೇ ಬಾಗಿದಳಂತೆ. ಮಾನ್ವಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಮೂರನೆಯ ದಿನ, ಮಣ್ಣಿಗೆ ಹಾಲೆರೆದು ಬಂದು ಎಲ್ಲರೂ ಅಂಗಳದಲ್ಲಿ ಕೂತಿದ್ದಾಗ, ನಾನು ಮಾಮನಿಗೆ ಅಂದೆ, "ಒಂದ ಮನ್ಯಾಗ ಇದ್ದಿ. ಬಾಜೂಕ ಇದ್ದಾಕಿಗೆ ಏನಾಗಾಕತ್ತದಂತ ನಿನಗ ತಿಳಿಲಿಲ್ಲೇನು?" ಮಾಮ ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟು ಎತ್ತುಗಳ ಕಡೆ ಎದ್ದು ಹೋದ. ನಾನು ಸಂಜೆಯ ಬಸ್ಸಿಗೆ ರಾಯಚೂರಿಗೆ ಬಂದೆ. ನಾಲ್ಕು ತಿಂಗಳು ಆ ಊರ ದಾರಿ ತುಳಿಯಲಿಲ್ಲ. ಫೋನಿನ ಮಾತನ್ನು ಯಾರಿಗೂ ಹೇಳಲಿಲ್ಲ.

ನಿದ್ದೆ ಹೋಯಿತು. ಅಕ್ಕ ಹಿಂದೊಮ್ಮೆ ಕೊಟ್ಟ ಪುಡಿಯ ಗಂಟು ನನ್ನ ಪೆಟ್ಟಿಗೆಯಲ್ಲಿತ್ತು. ಒಂಟಿ ಕೋಣೆ, ಕುದಿಸಿಕೊಡುವವರು ಯಾರು? ನಾನೇ ಕುದಿಸಿದೆ. ಅರ್ಧ ಚಮಚಕ್ಕೆ ಏನಾದೀತು ಎಂದು ಎರಡು ಚಮಚ ಹಾಕಿದೆ. ಹೊಟ್ಟೆ ಕೆಟ್ಟಿತು, ಮಾರನೆಯ ಹಗಲೆಲ್ಲ ಮಂಪರು. ಒಬ್ಬ ಮೇಷ್ಟ್ರ ಅಂಗಿಗೆ ಎರಡೂ ಎಡದ ತೋಳನ್ನೇ ಹಚ್ಚಿ ಇಸ್ತ್ರಿ ಮಾಡಿ ಕೊಟ್ಟೆ. ಅವರು ಹಾಕಿಕೊಂಡೇ ಬಂದರು. "ಅಮ್ಮಾರ, ನಾ ಬಲಗೈಲೆ ಬೋರ್ಡಿನ ಮ್ಯಾಲೆ ಬರಿಯಾಂವ ಅದೀನಿ," ಎಂದರು ಪಾಪ, ಸಿಟ್ಟಿಲ್ಲದೆ.

ಆ ತೋಳನ್ನು ಬಿಚ್ಚುತ್ತ ಕೂತಿದ್ದಾಗ ಅವ್ವನ ಕಟ್ಟಳೆ ನನಗೆ ಮೊದಲ ಸಲ ಅರ್ಥವಾಯಿತು. ಇನ್ನೊಬ್ಬರು ಕುದಿಸಬೇಕೆಂಬುದು ಹಾಲಿಗಾಗಿ ಇದ್ದ ಮಾತಲ್ಲ. ಎದುರಿಗೆ ಒಬ್ಬರು ಕೂತು ಕೇಳಲಿ ಎಂದು ಇದ್ದದ್ದು. ಅಕ್ಕ ನನಗೆ ಎದೆ ಹಿಡಿಯುತ್ತದೆ ಎಂದಿದ್ದಳು. ಬೇರೆ ಯಾರೇ ಆಕೆಗೆ ಆ ಮಾತು ಹೇಳಿದ್ದರೆ ಆಕೆ ಪುಡಿ ಒಳಗಿಟ್ಟು ದವಾಖಾನೆಗೆ ಅಟ್ಟುತ್ತಿದ್ದಳು. ಆಕೆಯನ್ನು ಕೇಳಬೇಕಾದವಳು ನಾನು. ಕೇಳುವ ಬದಲು ಮದ್ದು ಹೇಳಿ ಫೋನಿಟ್ಟೆ. ಆಮೇಲೆ ಆ ಭಾರವನ್ನು ನಾಲ್ಕು ಜನರ ಎದುರು ಮಾಮನ ತಲೆಯ ಮೇಲೆ ಹೊರಿಸಿದೆ.

ಹೇಳಿಯೇ ತೀರಬೇಕು ಎಂದು ಅವತ್ತೇ ತೀರ್ಮಾನಿಸಿದೆ. ಮರುದಿನ ಅಂಗಡಿ ಮುಚ್ಚಿ ಮಾನ್ವಿ ಬಸ್ಸು ಹತ್ತಿದೆ.

ಮಾಮ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಗುಳಿಬಿದ್ದಿದ್ದವು. "ಬಾ ಬೇ. ಬಸ್ಸಿನಾಗ ಸೀಟ್ ಸಿಕ್ತೇನು?" ಎಂದ, ನಿನ್ನೆ ಹೋದವಳು ಇವತ್ತು ಬಂದಂತೆ. ನಾನು ಚಪ್ಪಲಿ ಬಿಡುವ ಮುಂಚೆಯೇ ಎಲ್ಲ ಹೇಳಿಬಿಟ್ಟೆ. ಫೋನು, ಎದೆಯ ಮಾತು, ಬಾರದೆ ಉಳಿದ ಭಾನುವಾರ.

ಮಾಮ ಹಗ್ಗದ ತುದಿಗೆ ಗಂಟು ಹಾಕಿದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಸುಲಭವಿತ್ತು.

"ನಿನಗರ ಹೇಳಿದ್ಲಲ್ಲ," ಎಂದ. "ನಂಗ ಅಷ್ಟೂ ಹೇಳಲಿಲ್ಲ ಆಕಿ."

ನಾನು ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತೆ. ಆಮೇಲೆ ಅವನೇ ಕೇಳಿದ, "ನಿನಗ ನಿದ್ದಿ ಬರ್ತದೇನು?"

"ಇಲ್ಲ ಮಾಮ."

ಎದ್ದು ಒಳಗೆ ಹೋದ. ಪಾತ್ರೆಯ ಸದ್ದು, ಒಲೆ ಹಚ್ಚಿದ ಸದ್ದು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅಕ್ಕನ ಡಬ್ಬಿ ತೆಗೆದು ಚಮಚದಲ್ಲಿ ಪುಡಿ ತುಂಬಿದವನು ಹಾಗೆಯೇ ನಿಂತ.

"ಎದಿ ಹಿಡೀತದೇನು?"

ಸುಳ್ಳು ನಾಲಿಗೆಯ ತುದಿಯಲ್ಲಿತ್ತು. "ಒಮ್ಮೊಮ್ಮೆ," ಎಂದೆ.

ಪುಡಿಯನ್ನು ತಿರುಗಿ ಡಬ್ಬಿಗೆ ಸುರಿದು, ಒಲೆ ಆರಿಸಿ, ಗೂಟದ ಅಂಗಿ ಎಳೆದುಕೊಂಡ. "ನಡಿ, ಮಾನ್ವಿಗೆ."

"ಇದು ದುಃಖದ್ದು ಮಾಮ. ಏನಾಗಂಗಿಲ್ಲ."

"ಆಕಿನೂ ಹಂಗ ತಿಳಕೊಂಡಿರಬೇಕು. ನಡಿ."

ಅಂಗಿಯ ನಡುವಿನ ಎರಡು ಗುಂಡಿ ಇರಲಿಲ್ಲ. ಟೇಲರ್ ಒಬ್ಬಳ ಮಾಮ ಇವನು. ಹಾಗೆಯೇ ನನ್ನನ್ನು ಕರೆದುಕೊಂಡು ಹೋಗಿ, ಎದೆಗೆ ತಂತಿ ಹಚ್ಚಿ ನೋಡುವವರೆಗೂ ಆ ಬಾಗಿಲ ಮುಂದಿನಿಂದ ಕದಲಲಿಲ್ಲ. ಎದೆಯಲ್ಲಿ ದೋಷವಿಲ್ಲ, ರಕ್ತ ಕಡಿಮೆಯಿದೆ ಎಂದರು ಡಾಕ್ಟರು. ಗುಳಿಗೆ ಬರೆದುಕೊಟ್ಟರು. ಮಾಮ ಹಿರೇಮದ್ದಿನ ಬಗ್ಗೆ ತಾನೇ ಕೇಳಿದ. ಗುಳಿಗೆ ಮುಗಿಯಲಿ, ಆಮೇಲೆ ಇನ್ನೊಮ್ಮೆ ತೋರಿಸಿ ಕೇಳಿರಿ ಎಂದರು. ಹಾಗೆಯೇ ಮಾಡಿದೆವು. ಎರಡು ತಿಂಗಳ ಮೇಲೆ ಮಾಮ ಕುದಿಸಿದ ಹಾಲು ಅರ್ಧ ಒಲೆಯ ಪಾಲಾಯಿತು, ಉಳಿದರ್ಧ ನಾನು ಕುಡಿದೆ. ಅವನ ಹಾಲನ್ನು ನಾನು ಕುದಿಸಿದೆ. ಭಾರೀ ನಿದ್ದೆ ಬಂತೆಂದು ಹೇಳಲಾರೆ. ಮಲಗಿದರೆ ಬೆಳಗಾಗುತ್ತದೆ ಎಂಬ ನಂಬಿಕೆಯಷ್ಟು ಬಂತು.

ಇದೆಲ್ಲ ಆದಮೇಲೂ ಮೊನ್ನೆ ಆ ಹುಡುಗಿಯ ಮುಂದೆ ನನ್ನ ನಾಲಿಗೆ ಏಳಲಿಲ್ಲವಲ್ಲ ಎಂದು ಮನಸ್ಸು ಚುಚ್ಚುತ್ತಲೇ ಇತ್ತು. ನಿನ್ನೆ ಭಾನುವಾರ ಹಿರೇಕೊಟ್ನೆಕಲ್ಲಿಗೆ ಹೋದೆ. ಕಾಯಿ ಕೆಂಪಾಗಿವೆ. ಜನ್ಮದಲ್ಲಿ ಮೊದಲ ಸಲ ನಾನೇ ಸಲಿಕೆ ಹಿಡಿದು ಅಗೆದೆ, ಮೊದಲ ಬೇರನ್ನು ನಡುವೆಯೇ ತುಂಡರಿಸಿದೆ. ಮಧ್ಯಾಹ್ನ ಬೇರು ತೊಳೆಯುತ್ತಿದ್ದಾಗ ಪಕ್ಕದ ಮನೆಯ ಮಲ್ಲವ್ವ ಬಂದು ನಿಂತಳು.

"ಒಂದೀಟು ಪುಡಿ ಇದ್ರ ಕೊಡ್ರಿ. ಹದಿನೈದ ದಿನಾತು, ಕಣ್ಣಿಗೆ ಕಣ್ಣು ಹತ್ತಿಲ್ಲ."

ಮಾಮ ನನ್ನ ಮುಖ ನೋಡಿದ. ನಾನು ಕೈ ಒರೆಸಿಕೊಂಡೆ.

"ದವಾಖಾನಿ ಗುಳಿಗಿ ಏನರ ನುಂಗಾಕತ್ತೀಯೇನು?"

"ಬಿಪಿದು ನುಂಗ್ತೀನಿ. ಯಾಕ?"

"ಯಾವ್ದು? ಚೀಟಿ ತೋರ್ಸು. ಎದಿ ಹಿಡೀತದೇನು? ದಮ್ಮು ಬರ್ತದೇನು? ಯಾವಾಗಿಂದ?"

"ಏನ ಬೇ, ಪೊಲೀಸ್ ಠಾಣೆದಾಗ ಕೇಳಿದಂಗ ಕೇಳಾಕತ್ತಿ. ನಿಮ್ಮಕ್ಕರ ಮೂರ ಮಾತಿಗೆ ಬಿಡ್ತಿದ್ಲು." ಮಲ್ಲವ್ವ ಹೊರಡಲು ತಿರುಗಿದಳು. "ಕೊಡಾಂಗಿದ್ರ ಕೊಡು, ಇಲ್ಲಂದ್ರ ಬಿಡು. ಒಲಿ ಮ್ಯಾಲೆ ಬ್ಯಾಳಿ ಇಟ್ಟ ಬಂದೀನಿ."

"ಬ್ಯಾಳಿ ಮಾಮ ನೋಡ್ಕೋತಾನ," ಎಂದೆ.

ಮಾಮ ಎದ್ದು ಆಕೆಯ ಮನೆಯ ಕಡೆ ನಡೆದ. ಹಾಲು ಉಕ್ಕುವುದನ್ನೇ ಅರಿಯದವನು ಬೇಳೆಯನ್ನು ಏನು ಮಾಡುತ್ತಾನೋ ಎಂದು ಮಲ್ಲವ್ವ ಗಾಬರಿಯಿಂದ ಅವನನ್ನೂ ನನ್ನನ್ನೂ ನೋಡಿದಳು. ನಾನು ಕಟ್ಟೆಯ ಮೇಲಿನ ಬೇರುಗಳನ್ನು ಬದಿಗೆ ಸರಿಸಿ ಜಾಗ ಮಾಡಿದೆ.

"ಪುಡಿ ಇವತ್ತ ಕೊಡಂಗಿಲ್ಲ ಮಲ್ಲವ್ವ. ನಾಳಿ ಚೀಟಿ ತಗೊಂಡು ಡಾಕ್ಟರ್ ಹತ್ರ ಇಬ್ಬರೂ ಹೋಗೂನು. ಅಂಗಡಿ ಒಂದ ದಿನ ಮುಚ್ಚಿದ್ರ ಏನೂ ಆಗಂಗಿಲ್ಲ. ಈಗ ಕುಂದ್ರು, ಹದಿನೈದ ದಿನದ ಹಿಂದ ಏನಾತು ಹೇಳು."

ಆಕೆ ಒಮ್ಮೆ ತನ್ನ ಮನೆಯ ಕಡೆ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಕೂತಳು.