ಲೇಖನ ಬರೆದ ಊರು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ದೇವನಹಳ್ಳಿಯ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದೆ. ನಮ್ಮ ಅಧ್ಯಾಪಕರ ಲೇಖನಗಳ ವಿವರವನ್ನು ಫ್ಲಾಪಿಯಲ್ಲಿ ಕಳಿಸಬೇಕೆಂದು ಬೆಂಗಳೂರಿನಿಂದ ಆದೇಶ ಬಂತು. ಅದು ಬರೀ ಅಕ್ಷರಗಳ ಫೈಲು. ಸಾಲಿನ ಮೊದಲಿಗೆ ‘ಎಯು’ ಎಂದಿದ್ದರೆ ಲೇಖಕರು, ‘ಟಿಐ’ ಎಂದಿದ್ದರೆ ಶೀರ್ಷಿಕೆ. ಯಾವ ಕಂಪ್ಯೂಟರಾದರೂ ಓದಿಕೊಳ್ಳುತ್ತದಂತೆ.

ಇದನ್ನು ಕಲಿಸಲು ಬೆಂಗಳೂರಿನಿಂದ ಬಂದ ತಜ್ಞರು ಸುಡುಬಿಸಿಲಲ್ಲೂ ಟೈ ಬಿಚ್ಚಲಿಲ್ಲ. “ಮೊದಲು ಸರ್‌ನೇಮ್, ಆಮೇಲೆ ಕಾಮಾ, ಆಮೇಲೆ ಹೆಸರು” ಎಂದರು.

“ನಮ್ ಕಡೆ ಸರ್‌ನೇಮ್ ಇಟ್ಕೊಳ್ಳಲ್ಲ ಸಾರ್. ಹೆಸರಿನ ಮುಂದೆ ಊರಿರುತ್ತೆ, ಅಷ್ಟೆ.”

“ಹಂಗಾದ್ರೆ ಊರನ್ನೇ ಹಾಕ್ರಿ. ನಿಮಗೋಸ್ಕರ ಫಾರ್ಮ್ಯಾಟ್ ಬದಲಾಯಿಸೋಕಾಗುತ್ತಾ?”

ಹಾಗೇ ಟೈಪ್ ಮಾಡಿದೆ. ಮುಂದಿನ ವರ್ಷ ಅಚ್ಚಾಗಿ ಬಂದ ಪಟ್ಟಿಯಲ್ಲಿ, ರಾಗಿಯ ಬಗ್ಗೆ ಬರೆದಿದ್ದ ನಮ್ಮ ಸಸ್ಯಶಾಸ್ತ್ರದ ಮೇಡಂ ಕಾಣಲೇ ಇಲ್ಲ. ಹುಡುಕಿದರೆ, ಲೇಖಕರ ಜಾಗದಲ್ಲಿ ಕುಂದಾಣ ಗ್ರಾಮ ಗಂಭೀರವಾಗಿ ಕೂತಿತ್ತು; ಕಾಮಾದ ನಂತರ ಮೇಡಂ ಹೆಸರು ಬರೀ ಒಂದಕ್ಷರಕ್ಕೆ ಇಳಿದಿತ್ತು. ಅದೇ ಊರಿನ ರಸಾಯನಶಾಸ್ತ್ರದ ಮೇಷ್ಟರ ಲೇಖನವೂ ಅದರಡಿಯಲ್ಲೇ ಇತ್ತು.

“ಹೊಲ ಸುತ್ತಿ ಸುತ್ತಿ ಚಪ್ಪಲಿ ಸವೆಸಿದ್ದು ನಾನು, ಬರ್ದಿದ್ದು ನಮ್ಮೂರಾ ಸಾರ್?” ಎಂದರು ಮೇಡಂ.

ತಿದ್ದಿ ಕಳಿಸಿದೆ. ‘ಫಾರ್ಮ್ಯಾಟಿಗೆ ವಿರುದ್ಧ’ ಎಂದು ಚೀಟಿ ಅಂಟಿಸಿ ತಜ್ಞರು ಫ್ಲಾಪಿ ವಾಪಸ್ ಮಾಡಿದರು. ಆ ಮಹಾಪಾಂಡಿತ್ಯಕ್ಕೆ ದೂರದಿಂದಲೇ ಕೈಮುಗಿದು, ನಮ್ಮ ಲೈಬ್ರರಿಗೆ ಬಂದ ಅಚ್ಚಿನ ಪಟ್ಟಿಯಲ್ಲಾದರೂ ಆ ಕಾಮಾ ಕಿತ್ತುಹಾಕಿ ಮೇಡಂ ಹೆಸರನ್ನು ಪೂರ್ತಿ ಬರೆದೆ.