ಆರು ಹುಕ್ಕು, ಐದು ಸಂದು

ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ನನಗೆ ನೆನಪಾಗುವುದು ಬಟ್ಟೆಯಲ್ಲ, ಗಣಿತ. ಜಯಪುರದ ಪೇಟೆಯಲ್ಲಿ, ಬಸ್ಸು ತಿರುಗಿಸುವ ಜಾಗದ ಹಿಂದೆ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಹಿಂದಿನ ಕೋಣೆಯಲ್ಲಿ ಅಡುಗೆ, ಊಟ, ನಿದ್ದೆ. ಮುಂದಿನದರಲ್ಲಿ ಅಮ್ಮನ ಮೆಷಿನ್ನು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಅಮ್ಮ ಊರ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದಳು. ಆ ಎಣ್ಣೆ, ಹೊಸ ಬಟ್ಟೆಯ ಗಂಜಿ, ಇಸ್ತ್ರಿ ಪೆಟ್ಟಿಗೆಯ ಇದ್ದಿಲು ಎಲ್ಲ ಬೆರೆತು ಗೋಡೆಗೇ ಅಂಟಿಕೊಂಡಿದ್ದವು. ಈಗ ಆ ಗೋಡೆಯೂ ಇಲ್ಲ, ಅಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ. ಅಂಥದೊಂದು ಮನೆಯನ್ನು ಕಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಏಳನೇ ತರಗತಿಯಲ್ಲಿದ್ದೆ, ಲೆಕ್ಕದ ಪೀರಿಯಡ್ಡು ಬಂದರೆ ಹಿಂದಿನ ಬೆಂಚು ಹುಡುಕುತ್ತಿದ್ದೆ. ಗಣಿತದ ಮೇಷ್ಟ್ರು ಅಮ್ಮನನ್ನು ಕರೆಸಿ, ಇವಳ ತಲೆಗೆ ಲೆಕ್ಕ ಹತ್ತುವುದಿಲ್ಲ, ಏಳಕ್ಕೇ ಬಿಡಿಸಿ ಮೆಷಿನ್ನಿಗೆ ಕೂರಿಸಿ, ಹೊಲಿಗೆಗೆ ಲೆಕ್ಕ ಎಲ್ಲಿ ಬೇಕು ಎಂದರು. ಅಮ್ಮ ಮನೆಗೆ ಬಂದವಳೇ ಕತ್ತರಿ ತೆಗೆದು, ಹಳೆಯ ಪೇಪರನ್ನು ನಾಲ್ಕು ಮಡಿಕೆ ಮಾಡಿ ನನ್ನ ಮುಂದಿಟ್ಟಳು. "ಹೊಲಿಗೆಗೆ ಲೆಕ್ಕ ಬೇಡ್ವಂತೆ. ಕೂತ್ಕೋ ಇಲ್ಲಿ" ಎಂದಳು.

ಅಂದಿನಿಂದ ನಮ್ಮ ಮನೆಯಲ್ಲಿ ಲೆಕ್ಕ ಆಟವಾಯಿತು. ಎದೆಯಳತೆ ಮೂವತ್ತಾರಾದರೆ ಒಂದು ಮಡಿಕೆಗೆ ಎಷ್ಟು, ಹೊಲಿಗೆಗೆ ಮುಕ್ಕಾಲು ಇಂಚು ಬಿಟ್ಟರೆ ಎಷ್ಟು ಎಂದು ಕೇಳಿ ಪೇಪರಿನ ರವಿಕೆ ಕತ್ತರಿಸಲು ಬಿಡುತ್ತಿದ್ದಳು. ನಾಲ್ಕರ ಬದಲು ಎರಡರಿಂದ ಭಾಗಿಸಿ ಕತ್ತರಿಸಿದ ದಿನ ಆನೆಗಾಗುವಂಥ ರವಿಕೆ ಬಂತು. ಅದನ್ನು ನನಗೇ ತೊಡಿಸಿ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಣ್ಣಂದಾಜಿನ ಆಟ ಇನ್ನೊಂದು. ಬಾಗಿಲ ಅಗಲ, ಲಟ್ಟಣಿಗೆಯ ಉದ್ದ, ಬೆಕ್ಕಿನ ಬಾಲ ಎಲ್ಲವನ್ನೂ ಮೊದಲು ನೋಡಿಯೇ ಹೇಳಬೇಕು, ಆಮೇಲೆ ಟೇಪು ಹಿಡಿದು ನೋಡಬೇಕು, ಸೋತವರು ಚೂರುಬಟ್ಟೆ ಗುಡಿಸಬೇಕು. ಒಮ್ಮೆ ಹತ್ತಿಂಚಿನ ಪಟ್ಟಿಗೆ ಎರಡಿಂಚಿಗೊಂದರಂತೆ ಹುಕ್ಕು ಹಾಕು ಎಂದಳು. ನಾನು ಹತ್ತನ್ನು ಎರಡರಿಂದ ಭಾಗಿಸಿ, ಲೆಕ್ಕ ಹಾಕಿ ಐದೇ ಹುಕ್ಕು ತೆಗೆದುಕೊಂಡೆ. ಹಾಕಿ ಮುಗಿಸಿದಾಗ ಕೆಳತುದಿ ಬಾಯಿ ಬಿಟ್ಟುಕೊಂಡಿತ್ತು. ಅಮ್ಮ ಬೈಯಲಿಲ್ಲ. ಸಂದು ಎಣಿಸು, ಹುಕ್ಕು ಎಣಿಸು ಎಂದಳು. ಐದು ಸಂದಿಗೆ ಆರು ಹುಕ್ಕು ಬೇಕೆಂದು ನನಗೆ ಹೊಳೆದ ಕ್ಷಣ ಆದ ಸಂತೋಷ ಆಮೇಲೆ ಯಾವ ಕ್ಲಾಸಿನಲ್ಲೂ ಆಗಲಿಲ್ಲ.

ಆ ವರ್ಷದ ಪರೀಕ್ಷೆಯಲ್ಲಿ ಒಂದು ಲೆಕ್ಕ ಬಂದಿತ್ತು. ನೂರು ಮೀಟರ್ ರಸ್ತೆಯ ಬದಿಗೆ, ಈ ತುದಿಯಿಂದ ಆ ತುದಿಯವರೆಗೆ, ಹತ್ತು ಮೀಟರಿಗೊಂದರಂತೆ ನೆಡಲು ಎಷ್ಟು ಗಿಡ ಬೇಕು? ನಾನು ಹನ್ನೊಂದು ಎಂದು ಬರೆದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಪಾಸಿಗೆ ಎರಡು ಅಂಕ ಕಡಿಮೆ ಬಿತ್ತು, ಆ ಲೆಕ್ಕಕ್ಕೂ ಎರಡೇ ಅಂಕ. ಅಮ್ಮ ಆಗತಾನೇ ಹೊಲಿದ ರವಿಕೆಯೊಂದನ್ನು ಹಿಡಿದು ಶಾಲೆಗೆ ಹೋದಳು, ನಾನೂ ಹಿಂದೆ ಹೋದೆ. ಹೆಡ್‌ಮಾಸ್ಟರ ಮೇಜಿನ ಮೇಲೆ ಅದನ್ನು ಹರಡಿ, ಸಂದು ಐದು, ಹುಕ್ಕು ಆರು ಎಂದು ಬೆರಳಿಟ್ಟು ತೋರಿಸಿದಳು. ಗೈಡಿನಲ್ಲಿ ಹತ್ತು ಅಂತಲೇ ಇದೆ ಎಂದು ಮೇಷ್ಟ್ರು ಪಟ್ಟು ಬಿಡಲಿಲ್ಲ. ಹೆಡ್‌ಮಾಸ್ಟರು ರವಿಕೆ ನೋಡಿದರು, ಮೇಷ್ಟ್ರ ಮುಖ ನೋಡಿದರು, ಕೊನೆಗೆ ಎರಡು ಗ್ರೇಸ್ ಮಾರ್ಕು ಹಾಕಿ ದಾಟಿಸೋಣ ಬಿಡಿ ಎಂದರು.

"ಗ್ರೇಸು ತಪ್ಪು ಬರೆದವ್ರಿಗೆ ಕೊಡೋದು ಸರ್" ಎಂದಳು ಅಮ್ಮ. "ನನ್ನ ಮಗಳು ಸರಿ ಬರ್ದಿದ್ದಾಳೆ. ಸರಿ ಅಂತ ಕೊಡೋದಾದ್ರೆ ಕೊಡಿ, ಇಲ್ಲಾಂದ್ರೆ ಬೇಡ."

ಅವರು ಕೊಡಲಿಲ್ಲ. ನಾನು ಏಳನೇ ತರಗತಿಯಲ್ಲೇ ಉಳಿದೆ. ಅಪ್ಪ ವಾರಗಟ್ಟಲೆ ಅಮ್ಮನ ಹತ್ತಿರ ಮಾತು ಬಿಟ್ಟರು. ರವಿಕೆ ಹೊಲಿಯುವವಳಿಗೆ ಇಷ್ಟು ಸೊಕ್ಕೇ ಎಂದು ಪೇಟೆಯೆಲ್ಲ ಆಡಿಕೊಂಡಿತು. ಸೊಕ್ಕೇ ಸರಿ, ನನಗೆ ಆ ಸೊಕ್ಕಿನ ಬಗ್ಗೆ ಇಂದಿಗೂ ನಾಚಿಕೆಯಿಲ್ಲ. ಗೆಳತಿಯರು ಹೈಸ್ಕೂಲಿನ ಸಮವಸ್ತ್ರ ಹಾಕಿಕೊಂಡು ಮನೆ ಮುಂದೆ ಹಾದುಹೋಗುವಾಗ ಅಳು ಬಂದದ್ದೂ ಸುಳ್ಳಲ್ಲ.

ಅಮ್ಮನನ್ನು ಅದು ಒಳಗೊಳಗೇ ತಿಂದಿತ್ತೆಂದು ಗೊತ್ತಾದದ್ದು ಮರುವರ್ಷ. ಪರೀಕ್ಷೆಯ ಬೆಳಿಗ್ಗೆ ನನಗೆ ಜಡೆ ಹೆಣೆಯುತ್ತಾ, ಬೆನ್ನ ಹಿಂದಿನಿಂದ ಮೆಲ್ಲಗೆ ಹೇಳಿದಳು: "ಆ ಗಿಡದ ಲೆಕ್ಕ ಬಂದ್ರೆ ಹತ್ತು ಅಂತ್ಲೇ ಬರ್ದು ಬಾ ಕೂಸೆ. ನನ್ನ ಹಟಕ್ಕೆ ನಿಂದೊಂದು ವರ್ಷ ಹೋಯ್ತು." ನಾನು ಹ್ಞೂಂ ಎಂದೆ.

ಗೈಡಿನ ಲೆಕ್ಕ ತಾನೆ, ಮತ್ತೆ ಬಂದಿತ್ತು. ಅದೇ ರಸ್ತೆ, ಅದೇ ಗಿಡ. ಫಲಿತಾಂಶದ ದಿನ ಉತ್ತರಪತ್ರಿಕೆ ತಂದು ಅಮ್ಮನ ಕೈಗಿಟ್ಟೆ. ಅರವತ್ತೆಂಟು ಅಂಕ ಬಂದಿತ್ತು. ಅದನ್ನವಳು ನೋಡಲೇ ಇಲ್ಲ, ಹಾಳೆ ಮಗುಚಿ ಆ ಲೆಕ್ಕವನ್ನೇ ಹುಡುಕಿದಳು. ಹನ್ನೊಂದು ಎಂಬ ನನ್ನ ಉತ್ತರದ ಮೇಲೆ ಮತ್ತೆ ಕೆಂಪು ಗೀಟು ಬಿದ್ದಿತ್ತು. ಅಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತಳು, ಅಳುತ್ತಲೇ ನಕ್ಕಳು.

ಅಮ್ಮ ಹೋಗಿ ಆರು ವರ್ಷವಾಯಿತು. ಆ ಎರಡು ಅಂಕವನ್ನು ಯಾರೂ ವಾಪಸು ಕೊಡಲಿಲ್ಲ, ನಾವು ಕೇಳಲೂ ಇಲ್ಲ. ಆದರೆ ಉತ್ತರ ಸರಿಯಾಗಿತ್ತು. ಈಗಲೂ ಸರಿಯಾಗಿಯೇ ಇದೆ.