ಹೂಜಿ ಗಿಡದ ಕೆಳಗಿನ ನೀರು

ಬಂದರಿನ ಪಕ್ಕದ ಬೈತಖೋಲದ ನಮ್ಮ ಓಣಿಗೆ ಲತಾ ಹರಿಕಂತ್ರ ಬಂದಳೆಂದರೆ ಜನ ಮೊದಲು ಓಡುತ್ತಿದ್ದುದು ಹಿತ್ತಲಿಗೆ. ಬಕೆಟ್ ಬೋರಲು ಹಾಕಲು, ಡ್ರಮ್ಮಿನ ಮುಚ್ಚಳ ಹುಡುಕಲು. ಅವಳು ಆಶಾ ಕಾರ್ಯಕರ್ತೆ. ನಾನು ವೇದಾವತಿ, ಅದೇ ಓಣಿಯ ಅಂಗನವಾಡಿ ಟೀಚರ್, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು. ಮಳೆಗಾಲ ಹತ್ತಿರ ಬಂತೆಂದರೆ ನಮ್ಮಿಬ್ಬರನ್ನು ಜೋಡಿ ಮಾಡಿ ಮನೆಮನೆಗೆ ಸೊಳ್ಳೆಮರಿ ಹುಡುಕಲು ಕಳಿಸುತ್ತಾರೆ. ಅವಳು ಟಾರ್ಚ್ ಬಿಟ್ಟು ನೀರು ನೋಡುವುದು, ನಾನು ಪಟ್ಟಿಯಲ್ಲಿ ಬರೆಯುವುದು. ಆರು ವರ್ಷ ಹೀಗೇ ನಡೆಯಿತು. ನನಗೆ ಸಿಟ್ಟು ಜಾಸ್ತಿ, ಅವಳಿಗೆ ಮಾತು ಜಾಸ್ತಿ. ಜನ ಬಾಗಿಲು ತೆಗೆಯುತ್ತಿದ್ದುದು ಅವಳ ಮಾತಿಗೆ, ನೀರು ಚೆಲ್ಲುತ್ತಿದ್ದುದು ನನ್ನ ಮುಖ ನೋಡಿ.

ಲತಾ ಅಂಕೋಲೆಯ ಮಂಜಗುಣಿಯವಳು. ಅಪ್ಪನದು ಪಾತಿದೋಣಿ, ಅಮ್ಮ ಮೀನು ಬುಟ್ಟಿ ಹೊತ್ತು ಊರೂರು ತಿರುಗಿದವಳು. ಹತ್ತನೇ ಕ್ಲಾಸು ಮುಗಿಸಿ ಮನೆಯಲ್ಲಿದ್ದವಳನ್ನು ಮೀನು ಲಾರಿಯ ಡ್ರೈವರ್ ರೋಷನ ಮದುವೆಯಾಗಿ ಇಲ್ಲಿಗೆ ಕರೆತಂದ. ಧೈರ್ಯಕ್ಕೆ ಅವಳೇ ಹೆಸರು. ಒಮ್ಮೆ ಓಣಿಯ ಬಸುರಿಯೊಬ್ಬಳಿಗೆ ಆಸ್ಪತ್ರೆ ಮುಟ್ಟುವ ಮೊದಲೇ ಆಟೊದಲ್ಲಿ ಹೆರಿಗೆಯಾಗಿಬಿಟ್ಟಿತು. ಆಟೊದವನು ಹ್ಯಾಂಡಲ್ ಬಿಟ್ಟು ಓಡಿದ. ಇವಳು ಕೂಸನ್ನು ತನ್ನ ಸೀರೆಯಲ್ಲೇ ಸುತ್ತಿಕೊಂಡು ಕೂತಳು. ಅಂಥವಳು ಧೈರ್ಯಗೆಟ್ಟಿದ್ದನ್ನು ನಾನು ನೋಡಿದ್ದು ಒಂದೇ ಸಲ, ಅದೂ ಅವಳದೇ ಮನೆಯ ಕಿಟಕಿ ಪಕ್ಕದಲ್ಲಿ.

ಆ ಕಿಟಕಿಯ ಕತೆ ಹೇಳಬೇಕು. ನಾಲ್ಕು ವರ್ಷದ ಹಿಂದೆ ರೋಷನ ಕೇರಳಕ್ಕೆ ಮೀನು ಇಳಿಸಿ ಬರುವಾಗ ರಸ್ತೆ ಬದಿಯ ನರ್ಸರಿಯಿಂದ ಒಂದು ಕುಂಡ ತಂದ. ಎಲೆಯ ತುದಿಯಿಂದ ಸಣ್ಣ ಬಳ್ಳಿ ಇಳಿದು, ಬಳ್ಳಿಯ ತುದಿಯಲ್ಲಿ ಬೆರಳುದ್ದದ ಹೂಜಿ. ಹೂಜಿಗೆ ಒಂದು ಮುಚ್ಚಳ, ಒಳಗೆ ಅಂಟು ನೀರು. ಹುಳ ಬಿದ್ದರೆ ಮೇಲೆ ಬರುವ ಹಾಗಿಲ್ಲ, ಗಿಡ ಅದನ್ನು ಕರಗಿಸಿ ತಿನ್ನುತ್ತದೆ. ಸೊಳ್ಳೆ ತಿನ್ನುವ ಗಿಡ ತಂದಿದ್ದೇನೆ, ಇನ್ನು ನಿನ್ನ ಅರ್ಧ ಕೆಲಸ ಇದೇ ಮಾಡುತ್ತದೆ ಎಂದು ಹೆಂಡತಿಯನ್ನು ಛೇಡಿಸಿದನಂತೆ. ನನಗಂತೂ ನೋಡಿದರೆ ಮೈ ಜುಂ ಎನ್ನುತ್ತಿತ್ತು. ಗಿಡ ಅಂದರೆ ನನಗೆ ಬಸಳೆ, ಹರಿವೆ. ನಾವು ಅದನ್ನು ತಿನ್ನಬೇಕೇ ಹೊರತು ಅದು ಇನ್ನೊಬ್ಬರನ್ನು ತಿನ್ನುವುದೆಂದರೇನು?

ಮೊದಲ ತಿಂಗಳಲ್ಲೇ ಹೂಜಿಗಳೆಲ್ಲ ಕಪ್ಪಾಗಿ ಒಣಗಿದವು. ತಪ್ಪು ನೀರಿನದು. ಸಮುದ್ರದ ಪಕ್ಕದ ನಮ್ಮ ಬಾವಿಗಳಲ್ಲಿ ಬೇಸಿಗೆಯಲ್ಲಿ ಉಪ್ಪು ಏರುತ್ತದೆ, ಈ ಗಿಡಕ್ಕೆ ಅದು ವಿಷ. ಲತಾ ಸೂರಿನ ಮಳೆನೀರು ಹಿಡಿದು ಕ್ಯಾನುಗಳಲ್ಲಿ ಬಿರಡೆ ಹಾಕಿ ಇಟ್ಟಳು. ಮಣ್ಣಿನ ಬದಲು ತೆಂಗಿನ ಸಿಪ್ಪೆಯ ಚೂರು, ಇದ್ದಿಲು. ಗೊಬ್ಬರ ಇಲ್ಲವೇ ಇಲ್ಲ. ಬೆಳಕು ಬೇಕು, ಸುಡು ಬಿಸಿಲು ಬೇಡ. ಕಿಟಕಿಗೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿದಳು. ಗಿಡ ಹಿಡಿಯಿತು. ಕಾಂಡ ತುಂಡು ಮಾಡಿ ನೆಟ್ಟರೆ ಮತ್ತೊಂದು ಗಿಡ. ಕಿಟಕಿಯ ದಂಡೆ ತುಂಬಿತು. ಬಂದರಿನಲ್ಲಿ ಮೂಲೆಗೆ ಬಿದ್ದಿದ್ದ ಮೀನಿನ ಕ್ರೇಟುಗಳನ್ನು ತಂದು ತೊಳೆದು, ಒಂದರ ಮೇಲೊಂದು ಮೂರು ಸಾಲು ಏರಿಸಿ, ಮೇಲೊಂದು ಟ್ಯೂಬ್‌ಲೈಟ್ ಕಟ್ಟಿದಳು. ಕಳೆದ ವರ್ಷದ ಹೊತ್ತಿಗೆ ಮೂವತ್ತೆಂಟು ಕುಂಡಗಳಾಗಿದ್ದವು.

ಒಂದೇ ತೊಂದರೆ. ಚಳಿಗಾಲದಲ್ಲಿ ಘಟ್ಟದ ಕಡೆಯ ಒಣಗಾಳಿ ಬೀಸಿದರೆ ಹೂಜಿಗಳು ಮುರುಟುತ್ತಿದ್ದವು. ಅದಕ್ಕೆ ಪ್ರತಿ ಸಾಲಿನ ಕೆಳಗೆ ಅಗಲವಾದ ತಟ್ಟೆಯಿಟ್ಟು, ಬೆಣಚುಕಲ್ಲು ಹರಡಿ, ನೀರು ತುಂಬಿದಳು. ಆ ತೇವಕ್ಕೆ ಹೂಜಿಗಳು ಮುಷ್ಟಿ ಗಾತ್ರಕ್ಕೆ ಬೆಳೆದವು, ತಟ್ಟೆಗಳು ವರ್ಷವಿಡೀ ಹಾಗೇ ಉಳಿದವು. ನಿಂತ ನೀರು. ಊರಿಗೆಲ್ಲ ನಾವು ಚೆಲ್ಲಿಸುತ್ತಿದ್ದ ಅದೇ ನಿಂತ ನೀರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅಂತಾರಲ್ಲ, ಹಾಗೆ. ನಾನು ಒಂದು ಸಲ ಕೇಳಿಯೂ ಕೇಳಿದೆ. ಪ್ರತಿ ಭಾನುವಾರ ಬದಲಿಸುತ್ತೇನೆ ಅಂದಳು. ಇಲಾಖೆಯ ಔಷಧಿಯನ್ನಾದರೂ ಎರಡು ಹನಿ ಹಾಕು ಅಂದರೆ, ಗಿಡ ಸತ್ತರೆ ಎಂದು ಒಪ್ಪಲಿಲ್ಲ. ಆಮೇಲೆ ನಕ್ಕು, “ಸೊಳ್ಳೆ ಬಂದ್ರೆ ಬರ್ಲಿ ಅಕ್ಕೋರೆ, ಇವ್ಕೆ ಊಟ ಆಯ್ತದೆ,” ಅಂದಳು. ನಾನೂ ನಕ್ಕೆ.

ನಾನು ಯಾಕೆ ಜೋರು ಮಾಡಲಿಲ್ಲ ಅಂದರೆ ಅದಕ್ಕೊಂದು ಪದ್ಧತಿಯಿತ್ತು. ನೂರಹತ್ತು ಮನೆಯ ಪಟ್ಟಿಯಲ್ಲಿ ನಾವು ನೋಡದ ಮನೆ ಎರಡೇ, ಅವಳದು ಮತ್ತು ನನ್ನದು. ನೋಡುವವರ ಮನೆಯನ್ನು ನೋಡುವವರು ಯಾರು? ಎರಡಕ್ಕೂ ಹೊರಡುವ ಮೊದಲೇ ‘ಸೊಳ್ಳೆಮರಿ ಇಲ್ಲ’ ಎಂದು ಬರೆದುಕೊಂಡು ಹೋಗುತ್ತಿದ್ದೆ. ಆರು ವರ್ಷವೂ ನನ್ನ ಕೈಬರಹದಲ್ಲೇ ಇದೆ.

ಈ ಸಲ ಮೇ ಕೊನೆಗೆ ಲತಾಳ ಅಮ್ಮನ ಕಣ್ಣಿನ ಆಪರೇಶನ್ ಆಯಿತು. ಅವಳು ಹನ್ನೆರಡು ದಿನ ಮಂಜಗುಣಿಯಲ್ಲಿ ಉಳಿದಳು. ರೋಷನ ಗಾಡಿಯ ಮೇಲೆ ಹೊರಗಿದ್ದ. ಬೀಗದ ಕೈಯನ್ನು ಪಕ್ಕದ ಮನೆಯ ವೈಶಾಲಿಗೆ ಕೊಟ್ಟು, ಬೆಳಗಿಗೊಮ್ಮೆ ಗಿಡಗಳಿಗೆ ನೀರು ಸಿಂಪಡಿಸು ಅಂದಿದ್ದಳು. ಎರಡು ಮನೆಗೂ ನಡುವೆ ಒಂದೇ ಗೋಡೆ. ವೈಶಾಲಿಯ ಹಿಂದೆ ಅವಳ ಏಳು ವರ್ಷದ ಮಗಳು ಪ್ರಣತಿಯೂ ಬರುತ್ತಿತ್ತು. ಆ ಕೂಸಿಗೆ ಹೂಜಿಗಳೆಂದರೆ ಪ್ರಾಣ. ಯಾವುದರಲ್ಲಿ ಎಷ್ಟು ಇರುವೆ ಬಿದ್ದಿದೆ ಎಂದು ಒಂದೊಂದಕ್ಕೂ ಇಣುಕಿ ಎಣಿಸುತ್ತ, ತುಂಡು ಲಂಗದಲ್ಲಿ ಕ್ರೇಟಿನ ಮುಂದೆ ಗಂಟೆಗಟ್ಟಲೆ ಕೂತಿರುತ್ತಿತ್ತು. ಲತಾ ಬಂದ ಮೇಲೆ ಮಳೆ ಹಿಡಿಯಿತು, ಕೆಲಸ ಮೈಮೇಲೆ ಬಿತ್ತು. ತಟ್ಟೆಗಳಿಗೆ ನೀರು ಕಮ್ಮಿಯಾಗಿತ್ತೆಂದು ಮೇಲಿಂದ ತುಂಬಿದಳು. ಬದಲಿಸಲಿಲ್ಲ.

ಜೂನ್ ಮೂರನೇ ವಾರ ಪ್ರಣತಿಗೆ ಜ್ವರ ಬಂತು. ಕಣ್ಣಿನ ಹಿಂದೆ ನೋವು ಅಂತ ಅಳುತ್ತಿತ್ತು. ಮೂರನೇ ದಿನ ತೋಳಿನ ಮೇಲೆ ಕೆಂಪು ಚುಕ್ಕೆ ಎದ್ದವು. ರಕ್ತಪರೀಕ್ಷೆಯಲ್ಲಿ ಡೆಂಗಿ ಅಂತ ಬಂತು. ಆಸ್ಪತ್ರೆಗೆ ಸೇರಿಸಿದ ದಿನ ಪ್ಲೇಟ್‌ಲೆಟ್ ತೊಂಬತ್ತು ಸಾವಿರ, ಮರುದಿನ ನಲವತ್ತೆರಡು. ಅಪ್ಪ ಮಾದೇವ ಟ್ರಾಲರ್ ಕೆಲಸದವನು, ಮಳೆಗಾಲಕ್ಕೆ ಮೀನುಗಾರಿಕೆ ಬಂದ್ ಇದ್ದ ತಿಂಗಳಾದ್ದರಿಂದ ಮನೆಯಲ್ಲೇ ಇದ್ದ. ಅವನು ಆಸ್ಪತ್ರೆಗೂ ಓಣಿಗೂ ಹುಚ್ಚನ ಹಾಗೆ ಓಡಾಡತೊಡಗಿದ. ಅವನ ಕಣ್ಣು ಕಂಡರೆ ನನಗೆ ಭಯವಾಗುತ್ತಿತ್ತು.

ನಾನೂ ಲತಾಳೂ ಓಣಿಯ ಮನೆಗಳನ್ನು ಮತ್ತೆ ಸೋಸಿದೆವು. ಈ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ, ಹುಟ್ಟಿದ ಜಾಗ ಬಿಟ್ಟು ದೂರ ಹಾರುವುದಿಲ್ಲ ಎಂದು ಊರಿಗೆಲ್ಲ ಪಾಠ ಹೇಳಿದವರು ನಾವೇ. ವೈಶಾಲಿಯ ಮನೆಯಲ್ಲಿ ಏನೂ ಇಲ್ಲ. ಎದುರು ಮನೆಯಲ್ಲಿಲ್ಲ. ಓಣಿಯ ತುದಿಯಲ್ಲಿ ಬಲೆ ನೇಯುವ ಮುದುಕ ಮಾಬ್ಲೇಶ್ವರನ ಅಂಗಳದಲ್ಲಿ ದೋಣಿಗೆ ಕಟ್ಟುವ ಹಳೇ ಟಾಯರುಗಳ ರಾಶಿಯಿದೆ. ಅಲ್ಲೇ ಸಿಗುತ್ತದೆ ಎಂದುಕೊಂಡು ಹೋದೆ. ಅವನು ಒಂದೊಂದಕ್ಕೂ ತೂತು ಕೊರೆದು, ಮೇಲೆ ತಾಡಪಾಲು ಹೊದೆಸಿದ್ದ. ಕೈ ಹಾಕಿ ನೋಡಿದೆ, ಒಣ ಒಣ. ಒಂದೊಂದು ಮನೆ ಮುಗಿದಂತೆಯೂ ಲತಾಳ ಮಾತು ಕಮ್ಮಿಯಾಗುತ್ತ ಬಂತು. ಈ ಸಲ ನನ್ನ ಮನೆಯನ್ನೂ ಬಿಡದೆ ನೋಡಿದೆವು, ಅಲ್ಲೂ ಇಲ್ಲ. ಉಳಿದಿದ್ದು ಒಂದೇ ಮನೆ.

ಮಧ್ಯಾಹ್ನ ಹನ್ನೆರಡಾಗಿರಬೇಕು. ಬಾಗಿಲು ತೆಗೆದು ಒಳಗೆ ಹೋದೆವು. ಕಿಟಕಿಯಲ್ಲಿ ಹೂಜಿಗಳು ಸಾಲಾಗಿ ತೂಗುತ್ತಿದ್ದವು. ಒಂದೆರಡರ ಮುಚ್ಚಳ ಎತ್ತಿ ಇಣುಕಿದೆ, ಬರೀ ಇರುವೆ. ನಾಲ್ಕು ವರ್ಷ ಸೊಳ್ಳೆ ತಿನ್ನುವ ಗಿಡ ಎಂದು ಕುಣಿದಿದ್ದಷ್ಟೇ, ಅವು ತಿಂದಿದ್ದು ಇರುವೆ. ಲತಾ ನೆಲಕ್ಕೆ ಕೂತು ಕೆಳಗಿನ ಸಾಲಿನ ಕುಂಡಗಳನ್ನು ಸರಿಸಿದಳು. ಗೋಡೆಗೆ ತಾಗಿದ್ದ ತಟ್ಟೆಗೆ ಟಾರ್ಚ್ ಬಿಟ್ಟಳು. ಬೆಳಕು ನಿಲ್ಲಲೇ ಇಲ್ಲ, ಗೋಡೆಯ ಮೇಲೆ, ನೆಲದ ಮೇಲೆ ಅಲ್ಲಾಡಿತು. ಟಾರ್ಚನ್ನು ನಾನು ಕಸಿದುಕೊಂಡೆ.

ಕಲ್ಲುಗಳ ನಡುವೆ ನೀರು ಕುದಿಯುವ ಹಾಗಿತ್ತು. ಬೆಳಕು ಬಿದ್ದದ್ದೇ ಸಾವಿರ ಮರಿಗಳು ಕೊಂಕಿ ಕೊಂಕಿ ಕೆಳಗಿಳಿದವು.

ಗೋಡೆಯಾಚೆ ವೈಶಾಲಿಯ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಲತಾ ತಟ್ಟೆಯ ಪಕ್ಕದ ನೆಲ ಮುಟ್ಟಿ, “ಕೂಸು ಇಲ್ಲೇ ಕೂರ್ತಿತ್ತು ಅಕ್ಕೋರೆ. ಸಮಾ ಇಲ್ಲೇ,” ಅಂದಳು. ವೈಶಾಲಿಗೆ ಈಗಲೇ ಹೇಳುತ್ತೇನೆಂದು ಎದ್ದಳು. ನಾನು ಅವಳ ರಟ್ಟೆ ಹಿಡಿದೆ.

ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. ಆ ಹೊತ್ತಿಗೆ ನನ್ನ ತಲೆಯಲ್ಲಿ ಪ್ರಣತಿ ಇರಲಿಲ್ಲ. ಆರು ವರ್ಷದ ಪಟ್ಟಿ ಇತ್ತು. ಮಾದೇವನ ಕಣ್ಣು ಇತ್ತು. ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂದು ಓಣಿಯವರು ನಮ್ಮಿಬ್ಬರನ್ನೂ ಎಳೆದು ಹಾಕುತ್ತಾರೆ, ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇತ್ತು. ಈಗ ಹೇಳಿದರೆ ಕೂಸಿನ ಜ್ವರ ಇಳಿಯುತ್ತದೆಯೇ, ಗುಣವಾಗಿ ಬರಲಿ, ಆಮೇಲೆ ಹೇಳುವಿಯಂತೆ ಎಂದು ಅವಳ ಬಾಯಿ ಮುಚ್ಚಿಸಿದೆ. ಮೂರೂ ತಟ್ಟೆಯ ನೀರನ್ನು ಹಿತ್ತಲಿನ ಮರಳಿಗೆ ಚೆಲ್ಲಿಸಿ, ಕಲ್ಲುಗಳಿಗೆ ಬಿಸಿನೀರು ಹುಯ್ಯಿಸಿದೆ. ಪಟ್ಟಿಯಲ್ಲಿ ‘ಇಲ್ಲ’ ಎಂದು ಬರೆದೆ.

ಸಂಜೆ ಆರೋಗ್ಯ ನಿರೀಕ್ಷಕ ರಾಮನಾಥ ಸಾಹೇಬರು ಬಂದರು. ಒಂದು ಮನೆಯಲ್ಲೂ ಇಲ್ಲವೆಂದರೆ ಸೊಳ್ಳೆ ಆಕಾಶದಿಂದ ಬಿತ್ತೇ ಎಂದು ನನ್ನನ್ನೇ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಕೈ ತಾನಾಗಿ ಎದ್ದು ಓಣಿಯ ತುದಿ ತೋರಿಸಿತು. ಅಲ್ಲಿ ಟಾಯರ್ ರಾಶಿ ಇದೆ ಸರ್, ಅಂದೆ. ಇದೆ ಅಂದೆ ಅಷ್ಟೆ, ನೀರು ಇತ್ತು ಅನ್ನಲಿಲ್ಲ. ಕತ್ತಲಾಗುತ್ತಿತ್ತು, ಸಾಹೇಬರು ಹೋಗಿ ನೋಡದೆ ಟಾಯರ್ ಎಂದು ಬರೆದುಕೊಂಡರು. ಮಾಬ್ಲೇಶ್ವರ ಜಗುಲಿಯಲ್ಲಿ ಬಲೆ ಹಿಡಿದು ಕೂತಿದ್ದ. ನಮ್ಮತ್ತ ನೋಡುತ್ತಿದ್ದ.

ಮರುದಿನ ಪ್ಲೇಟ್‌ಲೆಟ್ ಇಪ್ಪತ್ತಾರು ಸಾವಿರ. ಲತಾ ಬೆಳಿಗ್ಗೆ ಗಂಜಿ ಮಾಡಿಕೊಂಡು ಆಸ್ಪತ್ರೆಗೆ ಹೋಗುವುದು, ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂರುವುದು. ವೈಶಾಲಿ ಅವಳ ಹೆಗಲಿಗೆ ತಲೆಯಿಟ್ಟು ಅತ್ತಳಂತೆ. ನೀನೊಬ್ಬಳು ಇದ್ದೀಯಲ್ಲ ಮಾರಾಯ್ತಿ ಅಂದಳಂತೆ. ಆ ದಿನದಿಂದ ಲತಾಳಿಗೆ ಅನ್ನ ಇಳಿಯಲಿಲ್ಲ. ನನಗೆ ಫೋನು ಬಡಿದರೆ ಸಾಕು, ಜೀವ ಬಾಯಿಗೆ ಬರುತ್ತಿತ್ತು. ಎತ್ತುವ ಮೊದಲು ದೇವರೇ ಬೇಡ, ದೇವರೇ ಬೇಡ ಅನ್ನುತ್ತಿದ್ದೆ. ಅದರ ಮರುದಿನ ಬೆಳಿಗ್ಗೆ ಹದಿನೆಂಟಕ್ಕೆ ಇಳಿಯಿತು. ಒಸಡಿನಲ್ಲಿ ರಕ್ತ ಕಂಡಿದೆ, ರಕ್ತದ ಬಾಟಲಿ ಹುಡುಕಿ ಅಂದರು ಡಾಕ್ಟರು.

ಟಾಯರಿನ ಮಾತು ಮಾದೇವನ ಕಿವಿಗೆ ಬಿದ್ದಿದ್ದೂ ಆ ಬೆಳಿಗ್ಗೆಯೇ. ಬೊಬ್ಬೆ ಕೇಳಿ ನಾನು ಅಂಗನವಾಡಿ ಬಿಟ್ಟು ಓಡಿದೆ. ಅಷ್ಟರಲ್ಲಿ ಅವನು ಟಾಯರುಗಳನ್ನೆಲ್ಲ ಓಣಿಗೆ ಎಸೆದಿದ್ದ. ಆರು ತಿಂಗಳು ಕೂತು ನೇಯ್ದ ಬಲೆಯನ್ನು ಕೊಚ್ಚೆಗೆ ಎಳೆದಿದ್ದ. ಎಪ್ಪತ್ತು ದಾಟಿದ ಮಾಬ್ಲೇಶ್ವರನ ಅಂಗಿಯ ಕೊರಳು ಅವನ ಮುಷ್ಟಿಯಲ್ಲಿತ್ತು. ನನ್ನ ಕೂಸು ಸತ್ತರೆ ನಿನ್ನನ್ನೂ ಉಳಿಸುವುದಿಲ್ಲ ಅನ್ನುತ್ತಿದ್ದ. ಓಣಿಯವರೆಲ್ಲ ಮಳೆಯಲ್ಲಿ ನಿಂತಿದ್ದರು, ಒಬ್ಬರೂ ಬಿಡಿಸಲಿಲ್ಲ. ನಾನೂ ಅವರ ನಡುವೆ ಕಂಬದ ಹಾಗೆ ನಿಂತೆ.

ಲತಾ ಆಸ್ಪತ್ರೆಗೆ ಹೊರಟವಳು ಗಂಜಿಯ ಡಬ್ಬಿ ಹಿಡಿದೇ ಬಂದಳು. ನೇರ ಹೋಗಿ ಮಾದೇವನ ಮುಷ್ಟಿಯ ಮೇಲೆ ಕೈಯಿಟ್ಟಳು. ಅವಳ ತುಟಿ ಬೆಳ್ಳಗಾಗಿತ್ತು.

“ಅವ್ರನ್ನ ಬಿಡು. ಮರಿ ಇದ್ದದ್ದು ನಮ್ಮನೇಲಿ. ಗಿಡದ ಕೆಳಗಿನ ತಟ್ಟೇಲಿ. ನಾನೇ ಕಣ್ಣಾರೆ ಕಂಡೆ, ನಾನೇ ಚೆಲ್ಲಿದೆ.”

ಮಾದೇವನಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ ಮುದುಕನನ್ನು ಬಿಟ್ಟು ಅವಳತ್ತ ತಿರುಗಿದ. ಹೊಡೆದುಬಿಡುತ್ತಾನೆ ಎಂದು ನಾನು ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ. ಸಣ್ಣ ದನಿಯಲ್ಲಿ ಕೇಳಿದ.

“ಹಂಗಾರೆ ಟಾಯರ್ ಅಂತ ಸಾಹೇಬ್ರಿಗೆ ಹೇಳದ್ದು ಯಾರು?”

ಲತಾ ನನ್ನತ್ತ ತಿರುಗಿಯೂ ನೋಡಲಿಲ್ಲ.

“ಅದೂ ನಾನೇ,” ಅಂದಳು.

ಮೂರು ಹೆಜ್ಜೆ ದೂರದಲ್ಲಿ ಛತ್ರಿ ಹಿಡಿದು ನಿಂತಿದ್ದ ನನ್ನ ಬಾಯಿಂದ ಒಂದು ಶಬ್ದ ಹೊರಡಲಿಲ್ಲ. ಮಾದೇವ ಅವಳ ಮನೆಗೆ ನುಗ್ಗಿದ. ಕ್ರೇಟುಗಳು ಒಂದೊಂದಾಗಿ ಉರುಳಿದ ಸದ್ದು ಕೇಳಿತು. ಮೂವತ್ತೆಂಟು ಕುಂಡಗಳೂ ಓಣಿಗೆ ಬಂದು ಬಿದ್ದವು. ಅವಳು ತಡೆಯಲಿಲ್ಲ, ಬಾಗಿಲ ಪಕ್ಕದಲ್ಲೇ ನಿಂತು ಅವನಿಗೆ ಓಡಾಡಲು ಜಾಗ ಬಿಟ್ಟಳು.

ಪ್ರಣತಿ ಉಳಿಯಿತು. ಎರಡು ದಿನ ಬಿಟ್ಟು ಅಂಕಿ ಏರತೊಡಗಿತು, ಹತ್ತನೇ ದಿನ ಮನೆಗೆ ಬಂತು. ವೈಶಾಲಿ ಲತಾಳ ಜೊತೆ ಮಾತು ಬಿಟ್ಟಿದ್ದಾಳೆ. ಓಣಿಯವರು ಅವಳಿಗೆ ಬಾಗಿಲು ತೆಗೆಯುವುದಿಲ್ಲ. ಸಾಹೇಬರು ಅವಳನ್ನು ಊರಿನ ಬೇರೆ ವಾರ್ಡಿಗೆ ಹಾಕಿದರು. ಟಾಯರ್ ತೋರಿಸಿದ್ದು ಯಾರೆಂದು ಗೊತ್ತಿದ್ದ ಸಾಹೇಬರೂ ಬಾಯಿ ಬಿಡಲಿಲ್ಲ, ನನ್ನ ಹೆಸರು ಎಲ್ಲೂ ಬರಲಿಲ್ಲ. ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಇಬ್ಬರೂ ಹೆಸರು ಕೆಡಿಸಿಕೊಂಡು ಏನು ಮಾಡುವುದು, ಓಣಿ ನೋಡಲು ಒಬ್ಬರಾದರೂ ಬೇಕಲ್ಲ ಅಂದಳು. ಬರಿದಾದ ಕಿಟಕಿಯ ದಂಡೆಯನ್ನು ಒರೆಸುತ್ತಲೇ ಇದ್ದಳು.

ಈಗ ನಾನೊಬ್ಬಳೇ ಟಾರ್ಚ್ ಹಿಡಿದು ತಿರುಗುತ್ತೇನೆ. ಕಳೆದ ವಾರ ಮಾಬ್ಲೇಶ್ವರನ ಅಂಗಳಕ್ಕೆ ಕಾಲಿಡುವಷ್ಟರಲ್ಲಿ ಅವನೇ ಎದ್ದು ಬಂದ. ಕೇಳುವ ಮೊದಲೇ ತಾಡಪಾಲು ಸರಿಸಿ, ಇದ್ದಬದ್ದ ಟಾಯರುಗಳನ್ನೆಲ್ಲ ಒಂದೊಂದಾಗಿ ಎತ್ತಿ, ನನ್ನ ಕಣ್ಣಿನ ಮುಂದೆ ಬೋರಲು ಮಾಡಿದ. ಅವನಿಗೆ ಏದುಸಿರು ಬರುತ್ತಿತ್ತು. ಸಾಕು ಅಂದರೂ ಬಿಡಲಿಲ್ಲ. ಕೊನೆಯದನ್ನು ಇಳಿಸಿ ನನ್ನ ಮುಖ ನೋಡಿದ.

“ಒಣ ಅದೆ ಅಕ್ಕೋರೆ. ಸಮಾ ನೋಡ್ಕಳಿ, ಆಮೇಲೆ ಬರ್ಕಳಿ.”